ಮಾರೊಂದಕ್ಕ ಎರಡು ಬೆರಳು

ನವೆಂಬರ ಬಂತಂದ್ರ ರಸ್ ಅಲ್ ಖೈಮಾದಾಗ
ಅಂಗಿ ಮೈಗೆ ಅಂಟೂದು ಬಿಡತದ.
ಅವಾಗ ಬರತದ ಉಮ್ಮ್ ಖಲ್ಫಾನರ ಫೋನು:
"ದಸ್ತಗೀರ, ಮಳಿ ಬರೂದ್ರೊಳಗ
ಗೇಟಿನಿಂದ ಗ್ಯಾರೇಜಿನ ತನಕ ನೋಡಿ ಹೋಗು.
ಹ್ವಾದ ವರ್ಷ ಕಾರು ನಿಂತಲ್ಲೇ ಮುಳುಗಿತ್ತು,
ದೀಪದ ತನಕ."

ಇಲ್ಲಿ ವರ್ಷಕ್ಕ ನಾಕ ದಿನದ ಮಳಿ.
ಆದ್ರ ವರ್ಷದ ಸಿಟ್ಟೆಲ್ಲ ಒಂದ ತಾಸಿನಾಗ.
ಬೋಳು ಗುಡ್ಡ ಒಂದು ಹನಿನೂ ಕುಡ್ಯಂಗಿಲ್ಲ,
ಎಲ್ಲಾ ಕೆಳಗ ದಬ್ಬತದ,
ಬಾಗಲಕ್ಕ ಬಂದವರನ್ನ
ಮುಂದಿನ ಮನಿಗೆ ಕಳಿಸಿದಂಗ.

ಮೊಣಕಾಲಿಗೆ ಹಳೇ ಟೈರಿನ ತುಂಡು ಕಟ್ಟಿ ಕುಂತೆ.
ಒಂದೊಂದ ಬ್ಲಾಕು ಬಡದು ಕೇಳಿದೆ.
ಗಟ್ಟಿ ಇದ್ದದ್ದು ಟಣ್ ಅಂತದ.
ಕೆಳಗ ಪೊಳ್ಳಾದದ್ದು ಡಬ್.
ನಮ್ಮಪ್ಪ ಶಹಾಬಾದಿನ ಖಣಿಯೊಳಗ
ಫರಸಿ ಹಿಂಗ ಬಡದು ಕೇಳಾಂವ,
ಸಂತ್ಯಾಗ ಕಲ್ಲಂಗಡಿ ಆರಿಸಿದಂಗ.
ನನಗ ಬಂದ ಆಸ್ತಿ ಅಂದ್ರ ಈ ಕಿವಿ.

ತೊಂಬತ್ಮೂರು ಡಬ್ ಸಿಕ್ಕವು. ಕಿತ್ತೆ.
ಅಡಿಯಾಗ ಉಪ್ಪು, ಹೊಸಾ ಸುಣ್ಣದಂಗ ಬೆಳ್ಳಗ.
ಸಮುದ್ರ ಎರಡು ಮೈಲಿ ದೂರ ಅಂತಾರ.
ನೆಲದ ಕೆಳಗ ಅದಕ್ಕ ದೂರ ಅನ್ನೂದಿಲ್ಲ.

ಈಗ ಹೇಳೂ ಮಾತು ಊರಾಗ ಹೇಳಿದ್ರ ನಗತಾರ:
ಮರುಭೂಮ್ಯಾಗ ಕುಂತು ನಾ ಉಸುಕು ಕೊಂಡೆ.
ಚೀಲಕ್ಕ ಹದಿನಾಕು ದಿರ್ಹಮ್.
ದಿನ್ನಿ ಮ್ಯಾಲಿನ ಉಸುಕು ಗಾಳಿಗೆ ಉರುಳಿ ಉರುಳಿ
ಸಾಸಿವಿ ಕಾಳಿನಂಗ ಗುಂಡಗಾಗ್ಯದ.
ಸಂದಿಗೆ ತುಂಬಿದ್ರ ಒಂದನ್ನೊಂದು ಹಿಡ್ಯಂಗಿಲ್ಲ,
ಮೊದಲನೇ ನೀರಿಗೆ ಎದ್ದು ನಡೀತದ.
ಬೇಕಾದದ್ದು ಕಲ್ಲು ಒಡದು ಮಾಡಿದ ಉಸುಕು,
ಮೂಲಿ ಇನ್ನೂ ಚೂಪು ಇದ್ದದ್ದು.
ಊರೂರು ಉರುಳಿದಾಂವ ಎಲ್ಲೂ ನಿಲ್ಲಂಗಿಲ್ಲ ಅಂತ
ನಮ್ಮವ್ವ ಯಾರಿಗೋ ಅಂತಿದ್ಳು.
ನನಗಲ್ಲ ಅಂತ ತಿಳಕೊಂಡೀನಿ.

ದಾರ ಕಟ್ಟಿದೆ. ಪೈಪಿನಾಗ ನೀರು ತುಂಬಿ ಮಟ್ಟ ಹಿಡದೆ.
ಮಾರೊಂದಕ್ಕ ಎರಡು ಬೆರಳು ಇಳಿಜಾರು.
ಹೆಚ್ಚಾತೋ, ನೀರು ಉಸುಕ ಕಿತಗೊಂಡು ಓಡತದ.
ಕಮ್ಮಿ ಆತೋ, ಕುಂತು ಹಟ ಹಿಡೀತದ.
ಅಂಚಿಗೆ ಸಿಮೆಂಟಿನ ಕಟ್ಟಿ ಹೂಳಿದೆ,
ಅಂಚು ಸಡಲಿದ್ರ ನಟ್ಟನಡುವಿಂದೂ ಸಡಲತದ.

ಉಮ್ಮ್ ಖಲ್ಫಾನರು ಖಾವಾ ತಂದಿಟ್ರು, ಮ್ಯಾಲೆ ಖರ್ಜೂರ.
"ನೀರು ಎಲ್ಲಿಗೆ ಹೋಗತದ?"
"ರಸ್ತಾಕ್ಕ, ಮಾಮಾ."
"ರಸ್ತಾದಿಂದ?"
ನಾ ಖರ್ಜೂರದ ಬೀಜ ಬಾಯಾಗ ಇಟಗೊಂಡೆ,
ಮಾತಾಡಲಾಕ ಬರದಂಗ.

ಜನವರಿ ಹನ್ನೊಂದು, ರಾತ್ರಿ ಎರಡಕ್ಕ ಬಂತು.
ತಗಡಿನ ಮ್ಯಾಲೆ ಯಾರೋ ಜಲ್ಲಿ ಸುರುವಿದಂಗ.
ನಾಕಕ್ಕ ಅವರ ವಾಯ್ಸ್ ಮೆಸೇಜು:
"ಮಾಶಾ ಅಲ್ಲಾ ದಸ್ತಗೀರ, ಒಂದು ಹನಿ ನಿಂತಿಲ್ಲ!"
ನಾ ಅದನ್ನ ಕೇಳಿದ್ದು ಮಂಚದ ಮ್ಯಾಲೆ ನಿಂತು.
ಕೆಳಗ ರೂಮಿನಾಗ ಆರು ಮಂದಿ ಚಪ್ಪಲಿ ತೇಲಾಕತ್ತಿದ್ದವು,
ಅವುಗಳ ಹಿಂದ ಗುಲ್ ಜಮಾನನ ಅಕ್ಕಿ ಡಬ್ಬಿ,
ಮೆರವಣಿಗಿಗೆ ತಡಾ ಆದಂಗ.

ರಸ್ತಾಕ್ಕೂ ಒಂದು ಇಳಿಜಾರದ.
ಅದು ನಮ್ಮ ಕ್ಯಾಂಪಿನ ಕಡಿ.

ಈ ನೀರಿನಾಗ ಎಷ್ಟು ಬಕೀಟು
ನನ್ನ ಕೈಯಿಂದ ಬಂದಾವ ಅಂತ ಲೆಕ್ಕ ಹಿಡದೆ:
ಗೇಟಿನ ಅಗಲ, ಗ್ಯಾರೇಜಿನ ಉದ್ದ, ಎರಡು ಬೆರಳು.
ಗುಲ್ ಜಮಾನ ಖಾಲಿ ಬಕೀಟು ಕೈಗೆ ಕೊಟ್ಟ.
"ಮೊದಲ ಚೆಲ್ಲು. ಆಮ್ಯಾಲೆ ಎಣಸು."

ಶುಕ್ರವಾರ ನಮಾಜಿಗಿಂತ ಮುಂಚೆ,
ಗಾಡ್ಯಾಗ ಉಳಿದಿದ್ದ ಒಡಕು ಬ್ಲಾಕು ಇಳಿಸಿ
ರೂಮಿನ ಬಾಗಲದಿಂದ ನಳದ ತನಕ ಹಾಸಿದೆ.
ದಾರ ಇಲ್ಲ, ಮಟ್ಟ ಇಲ್ಲ,
ರೊಕ್ಕ ಕೊಡೋರಂತೂ ಇಲ್ಲ.
ಬಡದು ನೋಡಿದೆ, ಅಷ್ಟ.
ಕಡೀದೊಂದು ಡಬ್ ಅಂತು.
ಕಿತ್ತು ಮತ್ತ ಕೂಡಿಸಬೇಕು,
ಚಾ ಕುಡದು.